ಡೈಮಂಡಿನ ಎಕ್ಕ

“ಎಕ್ಕ ಹಾಕು” ಎಂದರು ಉಡುಪರು.

ವಿನೋದಿನಿ ತನ್ನ ಹದಿಮೂರು ಎಲೆಗಳನ್ನು ಮೇಜಿನ ಮೇಲೆ ಹರಡಿ ಇನ್ನೂ ಸೆರಗು ಸರಿಮಾಡಿಕೊಂಡಿರಲಿಲ್ಲ. ಅಷ್ಟರಲ್ಲೇ ಹೇಳಿಬಿಟ್ಟರು. ಯೋಚನೆಯಿಲ್ಲ, ಎಣಿಕೆಯಿಲ್ಲ, ಕೆಳಗಿನ ಹೋಟೆಲಿನಲ್ಲಿ ಕೂತು ಒಂದು ಕಾಫಿ ಎಂದ ಹಾಗೆ. ಗಂಡ ಉಡುಪರ ಎಡಕ್ಕೆ ಕೂತಿದ್ದ ಎದುರಾಳಿ ಶರಣವ್ವ ಡೈಮಂಡಿನ ಒಂದು ಚಿಕ್ಕ ಎಲೆ ಇಳಿಸಿದ್ದರು. ಡೈಮಂಡಿನ ಎಕ್ಕ ವಿನೋದಿನಿಯ ಸಾಲಿನಲ್ಲಿತ್ತು. ಅದರ ರಾಜ ಉಡುಪರ ಕೈಯಲ್ಲಿದೆ ಎಂಬುದು ಆಟಕ್ಕೆ ಮೊದಲು ಅವರು ಹೇಳಿದ ಬಿಡ್ಡಿನಿಂದ, ಅದಕ್ಕಿಂತ ಹೆಚ್ಚಾಗಿ ಅವರ ಮುಖದಿಂದ, ಅವಳಿಗೆ ಗೊತ್ತಾಗಿತ್ತು. ಈ ಸುತ್ತನ್ನು ರಾಜನಿಂದಲೂ ಹಿಡಿಯಬಹುದು, ಎಕ್ಕದಿಂದಲೂ ಹಿಡಿಯಬಹುದು. ಆದರೆ ಅವಳ ಸಾಲಿನಲ್ಲಿ ಕ್ಲಾವರಿನ ರಾಜ, ರಾಣಿ, ಗುಲಾಮ, ಹತ್ತು, ಒಂಬತ್ತು ಒಂದರ ಕೆಳಗೊಂದು ಕೂತಿದ್ದವು. ಎದುರಾಳಿಗಳ ಕೈಯಿಂದ ಕ್ಲಾವರಿನ ಎಕ್ಕವೊಂದು ಉದುರಿತೆಂದರೆ ಉಳಿದವೆಲ್ಲ ಗೆಲ್ಲುವ ಎಲೆಗಳೇ. ಆಗ ಅವುಗಳ ಹತ್ತಿರ ಬರಲು ಉಡುಪರಿಗಿದ್ದ ದಾರಿ ಒಂದೇ, ಈ ಡೈಮಂಡಿನ ಎಕ್ಕ. ಬ್ರಿಜ್ ಆಟದಲ್ಲಿ ಸುತ್ತು ಹಿಡಿದ ಕೈಯೇ ಮುಂದಿನ ಎಲೆ ಇಳಿಸಬೇಕು; ಎಷ್ಟು ಒಳ್ಳೆಯ ಎಲೆಗಳಿದ್ದರೂ ಆ ಕೈಗೆ ದಾಟಿಹೋಗಲು ಬಾಗಿಲಿಲ್ಲದಿದ್ದರೆ ಅವು ಬರೀ ಕಾಗದ. ಇರುವ ಒಂದೇ ಬಾಗಿಲನ್ನು ಮೊದಲ ಸುತ್ತಿನಲ್ಲೇ ಮುರಿದುಹಾಕು ಎನ್ನುತ್ತಿದ್ದಾರೆ ಈ ಮನುಷ್ಯ.

“ಎಂತ ಕಾಯ್ತಾ ಕೂತದ್ದು? ಎಕ್ಕ.”

ಹಾಕಿದಳು. ಮೈ ಉರಿಯುವುದು ಅಲ್ಲೇ. ಎಲೆ ಹರಡಿಟ್ಟು ಡಮ್ಮಿಯಾದವರು ಬಾಯಿ ಮುಚ್ಚಿ ಕೂರಬೇಕು ಎಂಬುದು ಆಟದ ನಿಯಮ; ಇರಲಿ, ಅದನ್ನು ಮಾಡಿದವರು ಎಲ್ಲರಿಗೂ ಒಂದೇ ಎಂದು ಮಾಡಿದ್ದಾರೆ. ಆದರೆ ಆಡುವವರು ಎಲೆಯ ಹೆಸರು ಮಾತ್ರ ಹೇಳುತ್ತಾರೆ, ಡಮ್ಮಿ ತನ್ನ ಕೈಯಿಂದಲೇ ಅದನ್ನು ಎತ್ತಿ ನಡುವೆ ಇಡಬೇಕು. ತನ್ನ ಎಲೆ, ತನ್ನ ಬೆರಳು, ತನ್ನ ಕಣ್ಣೆದುರೇ ನಡೆಯುವ ಹಾಳು, ಆದರೂ ಒಂದು ಹುಬ್ಬು ಮೇಲೇರಬಾರದು. ಇನ್ನು ಮುಂಬಯಿಯ ಈ ಗ್ರಾಂಟ್ ರೋಡಿನ ಮಹಡಿಯಲ್ಲಿ, ವರ್ಷಕ್ಕೊಮ್ಮೆ ಬಹುಮಾನದ ಕಪ್ಪಿಗಾಗಿ ಕನ್ನಡ ಸಂಘದವರು ನಡೆಸುವ ದಂಪತಿ ಆಟಕ್ಕೆ, ಯಾವ ಪುಸ್ತಕದಲ್ಲೂ ಇಲ್ಲದ ಇನ್ನೊಂದು ನಿಯಮವಿತ್ತು. ಹೆಂಡತಿಯಾದವಳು ನೋಟ್ರಂಪ್, ಅಂದರೆ ತುರುಫಿಲ್ಲದ ಆಟ, ಎಂದು ತಾನೇ ಮೊದಲು ಹೇಳುವುದಿಲ್ಲ. ಯಾರು ಮೊದಲು ಹೇಳುತ್ತಾರೋ ಎರಡೂ ಕೈ ಆಡುವುದು ಅವರು, ಜೊತೆಗಾರರು ಡಮ್ಮಿ. ಆದ್ದರಿಂದ ಎಂಥ ಎಲೆ ಬಂದರೂ ಹೆಂಗಸರು ಒಂದು ಕ್ಲಾವರೋ ಒಂದು ಡೈಮಂಡೋ ಅಂದು ಗಂಡನಿಗೆ ಜಾಗ ಬಿಟ್ಟುಕೊಡುತ್ತಿದ್ದರು. ಕಾವಲಿಯಿಂದ ಎದ್ದ ಮೊದಲ ದೋಸೆ ಅವನ ತಟ್ಟೆಗೆ ಹೋಗುವಷ್ಟು ಸಹಜವಾಗಿ. ಹೀಗೇ ಮಾಡಬೇಕು ಎಂದು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಆಟವನ್ನು ಮಾತ್ರ ಹೇಳಿಕೊಟ್ಟವರು ಉಡುಪರೇ, ಮದುವೆಯಾದ ಹೊಸತರಲ್ಲಿ, ನಾಲ್ಕನೆಯವರು ಸಿಗದ ಒಂದು ಭಾನುವಾರ. ಆಮೇಲೆ ವರ್ಷಗಟ್ಟಲೆ ಡಮ್ಮಿಯಾಗಿ ಕೂತೂ ಕೂತೂ ಅವಳು ತಾನಾಗಿ ಕಲಿತದ್ದು ಬೇರೆ. ಎಲೆ ಮುಟ್ಟುವ ಮೊದಲು ಎಣಿಸಬೇಕು. ಯಾವ ಕೈಗೆ ಯಾವಾಗ ಹೋಗಬೇಕು, ಹೋಗಲಿಕ್ಕೆ ಏನಿದೆ, ಅದನ್ನು ಎಲ್ಲಿಯವರೆಗೆ ಕಾಪಾಡಿಕೊಳ್ಳಬೇಕು. ಮಾಡುವುದಕ್ಕೆ ಬೇರೇನೂ ಇಲ್ಲದವರಿಗೆ ಕಾಣುವುದೇ ಹೆಚ್ಚು.

ಉಡುಪರು ಈಗ ಕ್ಲಾವರಿನ ರಾಜ ಎಂದರು. ರಾಜನನ್ನು ಇಟ್ಟಳು. ಅವರ ಬಲಕ್ಕೆ ಕೂತ ಡಾಕ್ಟರ್ ಸಂಗಪ್ಪ, ಶರಣವ್ವನ ಗಂಡ, ನಶ್ಯದ ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ತಟ್ಟುತ್ತ ಸಣ್ಣದೊಂದು ಕ್ಲಾವರ್ ಹಾಕಿ ಸುಮ್ಮನಾದರು. ಎಕ್ಕ ಅವರ ಹತ್ತಿರವೇ ಇದೆ, ಬೇಕೆಂದೇ ತಡೆಯುತ್ತಿದ್ದಾರೆ ಎಂದು ವಿನೋದಿನಿಗೆ ಗೊತ್ತಾಯಿತು, ಯಾರಿಗಾದರೂ ಗೊತ್ತಾಗಬೇಕು. ಉಡುಪರ ಮುಖದಲ್ಲಿ ಮಾತ್ರ ಗೆದ್ದ ಕಳೆ. “ರಾಣಿ.” ರಾಣಿಯನ್ನು ಇಟ್ಟಳು. ಡಾಕ್ಟರರು ಈ ಸಲ ಎಕ್ಕ ಇಳಿಸಿದರು. ಉಡುಪರ ಕೈಯಲ್ಲಿದ್ದ ಎರಡು ಕ್ಲಾವರುಗಳೂ ಅಲ್ಲಿಗೆ ಮುಗಿದವು. ಆಗ, ಆಗ ಮಾತ್ರ, ಅವರ ಕಣ್ಣು ಮೇಜಿನ ಈಚೆಗೆ ಬಂದು, ಗುಲಾಮ, ಹತ್ತು, ಒಂಬತ್ತುಗಳ ಮೇಲೆ ಒಂದು ಗಳಿಗೆ ನಿಂತಿತು. ಮೂರು ಗೆಲ್ಲುವ ಎಲೆಗಳು, ಹೋಗುವ ದಾರಿಯಿಲ್ಲ. ಡೈಮಂಡಿನ ಎಕ್ಕ ಇನ್ನೂ ಅಲ್ಲಿದ್ದಿದ್ದರೆ ಎಂದು ಹುಡುಕಿದ ಆ ಕಣ್ಣುಗಳನ್ನು ಅವಳು ನೇರವಾಗಿ ನೋಡಿದಳು, ನೋಡಬಾರದಾಗಿತ್ತು. ಕಣ್ಣುಗಳು ಕೂಡಲೇ ಗಟ್ಟಿಯಾದವು.

ಇವತ್ತೇ ಆಗಬೇಕೇ ಇದು? ಇವತ್ತು ಸಂಜೆಯವರೆಗೆ ಗಂಗುಬಾಯಿ ಕಾಯುತ್ತಾರೆ. ಪಾರ್ಲೆ ಸ್ಟೇಷನ್ನಿನ ಪೂರ್ವಕ್ಕಿರುವ ಕನ್ನಡ ಶಾಲೆಯ ಹೆಡ್‌ಮಿಸ್ಟ್ರೆಸ್ಸು, ಧಾರವಾಡದವರು, ಬಿಳಿ ಸೀರೆ, ಕಪ್ಪು ಛತ್ರಿ. ಗುರುವಾರ ಮಧ್ಯಾಹ್ನ ಬಿಲ್ಡಿಂಗಿನ ಮೆಟ್ಟಿಲು ಹತ್ತಿ ಬಂದು ಅಡಿಗೆಮನೆಯ ಮಣೆಯ ಮೇಲೇ ಕೂತುಬಿಟ್ಟಿದ್ದರು. “ನಮ್ಮ ಗಣಿತದ ಮಾಸ್ತರ್ರು ಪುಣೆಕ್ಕ ಹೋಗಿಬಿಟ್ಟಾರ. ದೀಪಾವಳಿ ಸೂಟಿ ಮುಗೀತು. ಸೋಮವಾರ ಮುಂಜಾನೆ ವರ್ಗದಾಗ ಯಾರರೆ ನಿಲ್ಲಬೇಕಲ್ಲ? ನೀವು ಬಿ.ಎ. ಗಣಿತ ಮಾಡೀರಿ, ಮನ್ಯಾಗ ಕುಂತೀರಿ. ಐತವಾರ ಸಂಜಿತನಕ ನಿಮ್ಮ ದಾರಿ ನೋಡ್ತೀನಿ. ಆಮ್ಯಾಲೆ ಆ ಅಂಧೇರಿ ಹುಡುಗಿಗೆ ಹೇಳಿಬಿಡ್ತೀನಿ.” ಅವರು ಹೋದ ಮೇಲೆ ವಿನೋದಿನಿ ಒಲೆಯ ಮುಂದೆ ನಿಂತು, ಯಾರೂ ಇಲ್ಲದ ಮನೆಯಲ್ಲಿ, ಬಲಗೈಯನ್ನು ಮೇಲೆತ್ತಿ ಗಾಳಿಯ ಮೇಲೆ ಒಂದು ತ್ರಿಕೋನ ಬರೆದಿದ್ದಳು. ಆಮೇಲೆ ನಾಚಿಕೆಯಾಗಿ ಕೈ ಒರೆಸಿಕೊಂಡಳು. ಉಡುಪರನ್ನು ಕೇಳಬೇಕು, ಆದರೆ ಅವರನ್ನು ಯಾವಾಗಲೆಂದರೆ ಆವಾಗ ಕೇಳುವಂತಿಲ್ಲ. ಸೋತ ದಿನ ಅವರು ಉಪ್ಪಿನಕಾಯಿ ಬೇಕೆಂದರೂ ಬಾಯಿಬಿಟ್ಟು ಹೇಳದೆ ಬೆರಳು ತೋರಿಸುವವರು. ಗೆದ್ದ ದಿನ ಮಲ್ಲಿಗೆ ತರುತ್ತಾರೆ, ಏನೋ ಗುನುಗುತ್ತಾರೆ, ಏನು ಕೇಳಿದರೂ “ಕಾಂಬ” ಎನ್ನುತ್ತಾರೆ; ಕಾಂಬ ಎಂದರೆ ನೋಡೋಣ, ಅರ್ಧ ಹೂಂ. ಆದ್ದರಿಂದ ಮೂರು ದಿನ ಆ ಮಾತನ್ನು ನಾಲಿಗೆಯ ಕೆಳಗಿಟ್ಟುಕೊಂಡು ಓಡಾಡಿದ್ದಳು. ಕಪ್ಪು ಗೆಲ್ಲಬೇಕು. ಅದು ಅವರ ಕೈಯಲ್ಲಿರುವಾಗಲೇ, ಈ ಮಹಡಿಯ ಮೆಟ್ಟಿಲು ಇಳಿಯುವಾಗಲೇ ಕೇಳಬೇಕು. ಲೋಕಲ್ಲಿನಲ್ಲಿ ಅವರದು ಗಂಡಸರ ಡಬ್ಬಿ, ತನ್ನದು ಹೆಂಗಸರ ಡಬ್ಬಿ. ಪಾರ್ಲೆಯಲ್ಲಿ ಇಳಿಯುವ ಹೊತ್ತಿಗೆ ಅವರ ಮುಖ ಮತ್ತೆ ಮನೆಯ ಮುಖವಾಗಿರುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿದ್ದಳು, ಒಬ್ಬ ಗಂಡಸಿನ ಒಂದು ಒಳ್ಳೆಯ ಗಳಿಗೆಗಾಗಿ. ಥೂ, ಗಣಿತ ಓದಿದ್ದು ಇದಕ್ಕೆ.

ಒಂದು ಕಾಲಕ್ಕೆ ಅವಳ ಹತ್ತಿರವೂ ಒಂದು ಎಕ್ಕ ಇತ್ತು. ಕುಂದಾಪುರದ ಮನೆಯ ಚಾವಡಿಯಲ್ಲಿ, ಮದುವೆಯ ಮಾತುಕತೆ ಮುಗಿದು ಪಾನಕ ಕುಡಿಯುವಾಗ, ಅಪ್ಪಯ್ಯ ಇದ್ದಕ್ಕಿದ್ದಂತೆ ಕೇಳಿದ್ದರು: “ನನ್ನ ಮಗಳು ಓದಿದವಳು. ಮುಂದೆ ಅವಳಿಗೆ ಬೇಕಾದ್ದು ಒಂದು ಕೇಳಿದ್ರೆ ನೀವು ಇಲ್ಲ ಅನ್ನಬಾರದು.” ಉಡುಪರು ಎಲ್ಲರೆದುರು “ಒಂದು ಮಾತು ನಡೆಸಿಕೊಡ್ತೇನೆ” ಎಂದಿದ್ದರು, ನಗುತ್ತ. ಅಪ್ಪಯ್ಯನ ಮನಸ್ಸಿನಲ್ಲಿದ್ದದ್ದು ಇಂಥದ್ದೇ ಒಂದು ಕೆಲಸ ಎಂದು ಅವಳಿಗೆ ಗೊತ್ತಿತ್ತು. ಆದರೆ ಮುಂಬಯಿಗೆ ಬಂದ ಮೊದಲ ವರ್ಷವೇ ಅಕ್ಕ ಶೀಲಾವತಿಯ ಸೀಮಂತಕ್ಕೆ ಹೋಗುವುದು ಬೇಡ ಎಂದು ಉಡುಪರು ಹೇಳಿದಾಗ, ಅಳು ಬಂದು, ಸಿಟ್ಟು ಬಂದು, “ಅಪ್ಪಯ್ಯನಿಗೆ ಮಾತು ಕೊಟ್ಟಿದ್ದಿರಿ” ಎಂದುಬಿಟ್ಟಿದ್ದಳು. ಹೋಗಿ ಬಂದಳು. ಬಂದ ದಿನ ಉಡುಪರು ಕೋಟು ಬಿಚ್ಚುತ್ತ, “ಅಲ್ಲಿಗೆ ಮಾತು ಮುಗೀತು, ಆಯ್ತಾ?” ಎಂದರು. ಅಕ್ಕನಿಂದ ಒಂದು ಕಾಗದ ಬರೆಸಿದ್ದರೂ ಸಾಕಿತ್ತು, ಎರಡು ಹೊತ್ತು ಊಟ ಬಿಟ್ಟಿದ್ದರೂ ಸಾಕಿತ್ತು. ಸಣ್ಣ ಎಲೆಯಿಂದ ಆಗುವ ಕೆಲಸಕ್ಕೆ ಇದ್ದೊಂದು ಎಕ್ಕವನ್ನು ಇಳಿಸಿದ್ದಳು. ಅಪ್ಪಯ್ಯ ಈಗ ಇಲ್ಲ. ಅವರಿಗೆ ಅದು ಗೊತ್ತಾಗಲಿಲ್ಲ ಎಂಬುದಷ್ಟೇ ಸಮಾಧಾನ.

“ಮೂರು ಕಡಿಮಿ ಆತ್ರಿ” ಎಂದರು ಡಾಕ್ಟರರು, ಎಲೆ ಒಟ್ಟುಮಾಡುತ್ತ. ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಉಡುಪರು ಬೆನ್ನು ಹಿಂದಕ್ಕೆ ಆನಿಸಿ ಕೂತರು. “ಮೂರು ಹೇಳಬಾರದಿತ್ತು ಡಾಕ್ಟ್ರೇ ಇವಳು. ನಾನು ಒಂದು ನೋಟ್ರಂಪ್ ಹೇಳಿದೆ, ಸರಿ. ಸುಮ್ಮನೆ ಬಿಡಬೇಕು. ಇವಳು ಮೂರಕ್ಕೆ ಹಾರಿದ್ಳು. ಬಣ್ಣದ ಎಲೆ ನಾಲ್ಕು ಕಂಡ್ರೆ ಹೆಂಗಸರಿಗೆ ಹಬ್ಬ.”

ಡಾಕ್ಟರರು ನಕ್ಕರು. ಪಕ್ಕದ ಮೇಜಿನಲ್ಲಿ ಎಲೆ ಕಲೆಸುತ್ತಿದ್ದವರೂ ತಲೆಯೆತ್ತಿ ನಕ್ಕರು. ಆಟ ಮುಗಿದಿದೆ, ಈಗ ಡಮ್ಮಿ ಮಾತಾಡಬಹುದು. ಮೂರು ನೋಟ್ರಂಪಿಗೆ ಬೇಕಾದ ಒಂಬತ್ತು ಸುತ್ತು ಇತ್ತು, ಎಣಿಸಿ ನೋಡಿ, ಕ್ಲಾವರು ನಾಲ್ಕು, ಡೈಮಂಡು ಎರಡು, ಉಳಿದದ್ದು ನಿಮ್ಮ ಕೈಯಲ್ಲೇ ಮೂರು, ಚಿಕ್ಕ ಹುಡುಗರೂ ಕೂಡಿಸುತ್ತಾರೆ ಎನ್ನಬಹುದು. ಗಂಟಲವರೆಗೆ ಬಂತು. ಆದರೆ ಹೇಳಿದರೆ ಸಂಜೆಯ ಮಾತು ಸತ್ತಂತೆಯೇ. ಹಾಗೆಂದು ನುಂಗಿದಳು, ನುಂಗಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ತಪ್ಪು ಮಾಡಿದವರು ಬೆನ್ನು ಆನಿಸಿ ಕೂತಿದ್ದಾರೆ, ತಪ್ಪು ಕಂಡವಳು ತಲೆ ಬಗ್ಗಿಸಿ ಬಳೆ ತಿರುಗಿಸುತ್ತಿದ್ದಾಳೆ. ಇದು ಯಾವ ಊರಿನ ನ್ಯಾಯ? ಕೆಳಗಿನ ಹೋಟೆಲಿನಿಂದ ಸಾಂಬಾರಿನ ವಾಸನೆಯೂ ಟ್ರಾಮಿನ ಗಂಟೆಯೂ ಒಟ್ಟಿಗೇ ಮೇಲೇರಿ ಬರುತ್ತಿದ್ದವು. ಶರಣವ್ವ ಡೈಮಂಡಿನ ಎಕ್ಕವನ್ನು ಬೆರಳಿನ ಮಧ್ಯೆ ಹಿಡಿದು ಒಂದು ಸಲ ನೋಡಿ ಕಟ್ಟಿನೊಳಕ್ಕೆ ಸೇರಿಸಿದರು. “ನನಗೇನೋ ಬ್ಯಾರೇನ ಅನಿಸ್ತು ಬಿಡ್ರಿ” ಎಂದರು, ಯಾರಿಗೂ ಅಲ್ಲದ ಹಾಗೆ.

ಆಮೇಲಿನ ಆಟ ಡಾಕ್ಟರರ ಪಾಲಿಗೆ ಹೋಯಿತು. ಹಿಂದಿನ ಸುತ್ತುಗಳಲ್ಲಿ ಗಳಿಸಿದ ಮುನ್ನಡೆಯೆಲ್ಲ ಕರಗಿ, ಉಳಿದದ್ದು ಒಂದೇ ಆಟ. ಅದನ್ನು ಗೆದ್ದರೆ ಕಪ್ಪು, ಇಲ್ಲದಿದ್ದರೆ ಇಲ್ಲ. ಉಡುಪರು ಆಗಲೇ ಸೋತ ಮುಖ ಹೊತ್ತು, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ವಿನೋದಿನಿ ಎಲೆಗಳನ್ನು ಎತ್ತಿ ಜೋಡಿಸಿಕೊಂಡಳು. ಇಸ್ಪೀಟಿನ ಎಕ್ಕ, ರಾಜ. ಆಟೀನಿನ ಎಕ್ಕ. ಕ್ಲಾವರಿನ ಎಕ್ಕ, ರಾಜ. ಡೈಮಂಡಿನವು ಮಾತ್ರ ಮೂರು, ಮೂರೂ ಕಸ. ಎರಡನೆಯ ಸಲ ಎಣಿಸಿದಳು. ಮೊದಲು ಹೇಳುವ ಸರದಿ ಅವಳದೇ. ರೂಢಿಯಂತೆ ಒಂದು ಕ್ಲಾವರ್ ಎಂದು ಹೇಳಿ, ಅವರು ನೋಟ್ರಂಪ್ ಎನ್ನುವುದನ್ನು ಕಾಯಬೇಕು. ಕಾದರೆ ಈ ಎಲೆಗಳೆಲ್ಲ ಮತ್ತೆ ಮೇಜಿನ ಮೇಲೆ ಹರಡಿಕೊಳ್ಳುತ್ತವೆ, ಮತ್ತೆ ಎಕ್ಕ ಹಾಕು, ರಾಜ ಹಾಕು. ಇವುಗಳನ್ನೂ ಅವರು ಹಾಳುಮಾಡುತ್ತಾರೆ. ಮಾಡಿ, ನೀನು ಹೇಳಬಾರದಿತ್ತು ಎನ್ನುತ್ತಾರೆ. ಗೆಲ್ಲಬೇಕಾದದ್ದು ತನಗೆ, ಅವರಿಗೆ ಅದು ಬರೀ ಕಪ್ಪು.

“ಒಂದು ನೋಟ್ರಂಪ್” ಎಂದಳು.

ದನಿ ಅವಳು ಅಂದುಕೊಂಡದ್ದಕ್ಕಿಂತ ಸಣ್ಣಗಿತ್ತು, ಆದರೆ ಮೇಜಿನ ಸುತ್ತ ಎಲ್ಲರಿಗೂ ಕೇಳಿಸಿತು. ಡಾಕ್ಟರರ ಬೆರಳು ನಶ್ಯದ ಡಬ್ಬಿಯ ಮೇಲೆ ನಿಂತಿತು. ಉಡುಪರು ತಮ್ಮ ಎಲೆಗಳ ಮೇಲಿಂದ ಅವಳನ್ನು ನೋಡಿದರು. ಅನ್ನಕ್ಕೆ ಮೊದಲೇ ಮಜ್ಜಿಗೆ ಬಡಿಸಿದಾಗ ನೋಡುವ ನೋಟ ಅದು.

“ಮೂರು ಡೈಮಂಡು” ಎಂದರು ಬೇಕಾದ್ದಕ್ಕಿಂತ ಗಟ್ಟಿಯಾಗಿ. ಆಟವನ್ನು ಅವಳ ಕೈಯಿಂದ ಕಿತ್ತುಕೊಳ್ಳಲು ಅದೊಂದೇ ಉಪಾಯ. ಡೈಮಂಡು ಮೊದಲು ಹೇಳಿದವರು ಅವರಾದ್ದರಿಂದ ಆಡುವವರೂ ಅವರೇ ಆಗುತ್ತಿದ್ದರು.

“ಮೂರು ನೋಟ್ರಂಪ್” ಎಂದಳು ವಿನೋದಿನಿ.

ಅಲ್ಲಿಗೆ ಮುಗಿಯಿತು. ಡಾಕ್ಟರರು ಇಸ್ಪೀಟಿನ ರಾಣಿ ಇಳಿಸಿದರು. ಉಡುಪರು ಡಮ್ಮಿಯಾಗಿ ಎಲೆ ಹರಡಬೇಕಾಯಿತು. ದಂಪತಿ ಆಟದಲ್ಲಿ ಅವರಿಗೆ ಅದು ಅಭ್ಯಾಸವೇ ಇರಲಿಲ್ಲ; ಸಾಲುಗಳು ಓರೆಯಾದವು, ಒಂದು ಎಲೆ ಜಾರಿ ನೆಲಕ್ಕೆ ಬಿತ್ತು, ಬಗ್ಗಿ ಎತ್ತುವಾಗ ಅವರ ಕಿವಿ ಕೆಂಪಾಗಿತ್ತು. ಒಂದು ನಿಮಿಷ ಅವಳಿಗೆ ಅಯ್ಯೋ ಅನಿಸಿತು. ತಾನೇನೋ ಮಾಡಬಾರದ್ದನ್ನು, ನಾಲ್ಕು ಜನರೆದುರು ಅವರ ಪಂಚೆಯ ಗಂಟು ಸಡಿಲಿಸುವಂಥದ್ದನ್ನು ಮಾಡಿದ ಹಾಗೆ. ಆಮೇಲೆ ಅಯ್ಯೋ ಅನಿಸಿದ್ದಕ್ಕೇ ಸಿಟ್ಟು ಬಂತು. ತಾನು ಇಷ್ಟು ವರ್ಷ ಹರಡಿದ್ದೇನಲ್ಲ, ಯಾರ ಕಿವಿ ಕೆಂಪಾಗಿತ್ತು ಆಗ?

ಎಣಿಸಿದಳು. ಯಾರೂ ಅವಸರ ಮಾಡುವ ಹಾಗಿರಲಿಲ್ಲ. ತನ್ನ ಕೈಯಲ್ಲಿ ಗೆಲ್ಲುವವು ಐದು, ಬೇಕಾದದ್ದು ಒಂಬತ್ತು. ಎದುರಿಗೆ ಡೈಮಂಡಿನ ಎಕ್ಕ, ರಾಜ, ಮತ್ತೆ ಮೂರು ಚಿಕ್ಕವು. ಅದನ್ನು ಬಿಟ್ಟರೆ ಆ ಕೈಯಲ್ಲಿ ಏನೂ ಇಲ್ಲ. ನಾಲ್ಕೂ ಅಲ್ಲಿಂದಲೇ ಬರಬೇಕು. ಎಕ್ಕ, ರಾಜ ಎಂದು ಮೊದಲೇ ಹೊಡೆದುಕೊಂಡು ಮೂರನೆಯ ಸುತ್ತು ಬಿಟ್ಟುಕೊಟ್ಟರೆ ಉಳಿದೆರಡು ಚಿಕ್ಕವು ಗೆಲ್ಲುವ ಎಲೆಗಳಾಗುತ್ತವೆ, ನಿಜ. ಆದರೆ ಅಷ್ಟು ಹೊತ್ತಿಗೆ ತನ್ನ ಮೂರು ಡೈಮಂಡುಗಳೂ ಮುಗಿದು, ಆಚೆಗೆ ದಾಟುವುದು ಯಾವುದರಿಂದ? ಹೇಗಿದ್ದರೂ ಒಂದು ಸುತ್ತು ಸೋಲಬೇಕು. ಸೋಲುವುದಾದರೆ ಮೊದಲನ್ನೇ ಸೋಲಬೇಕು. ಎಕ್ಕ ರಾಜ ಎರಡನ್ನೂ ಕೈಯಲ್ಲಿಟ್ಟುಕೊಂಡು, ಗೆಲ್ಲಬಹುದಾದದ್ದನ್ನು ಗೆಲ್ಲದೆ ಬಿಡಬೇಕು. ಇದು ಉಡುಪರಿಂದ ಈ ಜನ್ಮದಲ್ಲಿ ಆಗುವ ಕೆಲಸವಲ್ಲ.

ಇಸ್ಪೀಟನ್ನು ತನ್ನ ರಾಜನಿಂದ ಹಿಡಿದಳು. ಡೈಮಂಡಿನ ಒಂದು ಚಿಕ್ಕದನ್ನು ಇಳಿಸಿದಳು. ಡಾಕ್ಟರರೂ ಒಂದು ಚಿಕ್ಕದು ಹಾಕಿದರು. ಉಡುಪರ ಬೆರಳು, ಕೇಳದೆಯೇ, ರಾಜನ ಮೇಲೆ ಕೂತಿತ್ತು.

“ಚಿಕ್ಕದು” ಎಂದಳು.

ಬೆರಳು ಅಲ್ಲಾಡಲಿಲ್ಲ.

“ಚಿಕ್ಕದು ಹಾಕಿ.”

“ರಾಜ ಉಂಟಲ್ಲ ಮಾರಾಯ್ತಿ! ಕಣ್ಣು ಕಾಣುದಿಲ್ವಾ?”

ಇಡೀ ಕೋಣೆ ತಿರುಗಿ ನೋಡಿತು. ಶರಣವ್ವ ತಲೆಯನ್ನೂ ಎತ್ತದೆ, ತಮ್ಮ ಎಲೆಗಳನ್ನು ನೋಡುತ್ತಲೇ ಹೇಳಿದರು: “ಡಮ್ಮಿ ಮಾತಾಡಂಗಿಲ್ರೀ.”

ಡಾಕ್ಟರರು ಕೆಮ್ಮಿದರು. ಉಡುಪರು ಚಿಕ್ಕ ಎಲೆಯನ್ನು ಎತ್ತಿ ನಡುವೆ ಒಗೆದರು. ಶರಣವ್ವನ ರಾಣಿ ಆ ಸುತ್ತನ್ನು ಹಿಡಿಯಿತು, ಮತ್ತೆ ಇಸ್ಪೀಟು ಬಂತು, ವಿನೋದಿನಿ ಎಕ್ಕದಿಂದ ಹಿಡಿದಳು. ಈಗ ಡೈಮಂಡು. ಎಕ್ಕ, ಎಂದಳು. ಇಬ್ಬರೂ ಡೈಮಂಡನ್ನೇ ಹಾಕಿದರು. ರಾಜ, ಎಂದಳು. ಎದುರಾಳಿಗಳ ಕೈಯ ಕೊನೆಯ ಡೈಮಂಡು ಅದರ ಕೆಳಗೆ ಬಿತ್ತು. ಇನ್ನುಳಿದ ಎರಡು ಚಿಕ್ಕವಕ್ಕೆ ಎದುರೇ ಇರಲಿಲ್ಲ. ಅವುಗಳನ್ನೂ ಒಂದೊಂದಾಗಿ ಹೆಸರಿಸಿ ಕರೆದಳು, ಉಡುಪರು ಒಂದೊಂದಾಗಿ ಎತ್ತಿ ಕೊಡಬೇಕಾಯಿತು. ಆಟೀನು, ಕ್ಲಾವರು, ಕ್ಲಾವರು. ಒಂಬತ್ತು.

“ಛಲೋ ಆಡಿದ್ರಿ ಬಾಯೀ” ಎಂದರು ಶರಣವ್ವ, ಅವಳ ಮೊಣಕೈ ಮುಟ್ಟಿ. ಎಷ್ಟೋ ವರ್ಷಗಳ ಮೇಲೆ ಯಾರೋ ಅವಳನ್ನು ಅವಳು ಮಾಡಿದ್ದಕ್ಕಾಗಿ ಹೊಗಳಿದರು. ಕಣ್ಣು ತುಂಬಿತು, ಅದು ಬಿದ್ದುಹೋಗದ ಹಾಗೆ ಫ್ಯಾನನ್ನು ನೋಡಿದಳು.

“ಅದೃಷ್ಟ” ಎಂದರು ಉಡುಪರು. “ಡೈಮಂಡು ಮೂರು-ಎರಡು ಹಂಚಿ ಹೋಗಿತ್ತು, ಬಚಾವಾದ್ಳು.” ಸ್ವಲ್ಪ ಹೊತ್ತಿಗೆ ಸಂಘದ ಕಾರ್ಯದರ್ಶಿ ಕಪ್ಪು ತಂದು ಅವರ ಕೈಯಲ್ಲೇ ಇಟ್ಟಾಗ, ಜನ ಚಪ್ಪಾಳೆ ತಟ್ಟಿದಾಗ, ಅವರೇ ಗಟ್ಟಿಯಾಗಿ ನಕ್ಕು, “ಕಲಿಸಿದ್ದು ನಾನಲ್ವಾ?” ಎಂದರು. ಆ ನಗೆಯನ್ನು ಅವಳು ಬಲ್ಲಳು. ಅದು ತುಟಿಯಿಂದ ಒಳಗೆ ಹೋಗುವ ನಗೆಯಲ್ಲ. ಮಲ್ಲಿಗೆಯ ನಗೆಯಂತೂ ಅಲ್ಲವೇ ಅಲ್ಲ. ಗೆದ್ದರೆ ದಾರಿ ಸಿಗುತ್ತದೆ ಎಂದು ಎಣಿಸಿದ್ದಳಲ್ಲ, ಯಾರು ಗೆಲ್ಲಬೇಕು ಎಂಬುದನ್ನು ಎಣಿಸಿರಲಿಲ್ಲ.

ಆದರೂ ಕೇಳಿದಳು. ಮರದ ಮೆಟ್ಟಿಲು ಇಳಿಯುತ್ತ, ಹಿಂದಿನಿಂದ. “ಹೋಯ್, ಒಂದು ಮಾತು ಇತ್ತು.”

“ಇನ್ನೆಂತ ಮಾತು? ಇವತ್ತಿಡೀ ನಿನ್ನದೇ ಮಾತು ನಡೀತಲ್ಲ. ಅಷ್ಟು ಜನರೆದುರು ಗಂಡನನ್ನು ಡಮ್ಮಿ ಮಾಡಿ ಕೂರಿಸಿದಿ. ಸಾಕಾಗ್ಲಿಲ್ವಾ?”

“ಪಾರ್ಲೆ ಶಾಲೆಯಲ್ಲಿ ಗಣಿತ ಹೇಳಿಕೊಡ್ಲಿಕ್ಕೆ ಕರೆದಿದ್ದಾರೆ. ನಾಳೆಯಿಂದ.”

ಉಡುಪರು ನಿಲ್ಲಲಿಲ್ಲ, ತಿರುಗಲೂ ಇಲ್ಲ. “ಗೊತ್ತುಂಟು. ಗುರುವಾರ ಸಂಜೆಯೇ ಕೆಳಗಿನ ಮನೆ ಮೋಹಿನಿಯಮ್ಮ ಹೇಳಿದ್ರು, ಹೆಡ್‌ಮಿಸ್ಟ್ರೆಸ್ಸು ಬಂದಿದ್ರು ಅಂತ. ನೀನು ಎಷ್ಟು ದಿವಸ ಬಚ್ಚಿಟ್ಟುಕೊಳ್ತಿ, ಕಾಂಬ ಅಂತ ಸುಮ್ಮನಿದ್ದೆ. ಬೇಡ. ಮುಗೀತು ಅದು.”

ಗೊತ್ತಿತ್ತು. ಮೂರು ದಿನ ಗೊತ್ತಿತ್ತು. ಅವಳು ಕಾಫಿ ಕೊಡುವಾಗ ಬಾಯಿ ತೆರೆದು ಮುಚ್ಚಿದ್ದನ್ನು, ಅವರಿಗೆ ಇಷ್ಟವೆಂದು ಪತ್ರೊಡೆ ಮಾಡಿದ್ದನ್ನು, ನಿನ್ನೆ ಇಲ್ಲದ ಉತ್ಸಾಹದಿಂದ ಆಟದ ಮಾತೆತ್ತಿದ್ದನ್ನು, ಎಲ್ಲವನ್ನೂ ಪತ್ರೊಡೆ ತಿನ್ನುತ್ತ ನೋಡಿದ್ದರು. ಎರಡನೆಯ ಸಲ ಬಡಿಸಿಕೊಂಡಿದ್ದರು ಕೂಡ. ಅಂದರೆ ಅಲ್ಲಿ ಬಾಗಿಲೇ ಇರಲಿಲ್ಲ. ಸೋತಿದ್ದರೂ ಇಲ್ಲ, ಗೆದ್ದಿದ್ದರೂ ಇಲ್ಲ, ಅವರೇ ಆಡಿ ಗೆದ್ದಿದ್ದರೂ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತ ಒಬ್ಬ ಗಂಡಸನ್ನು ಬಾಗಿಲೆಂದುಕೊಂಡು ಅವಳು ಆರು ವರ್ಷ ಅವನ ಮುಂದೆ ಹೊಂಚುತ್ತ ನಿಂತಿದ್ದಳು. ರಸ್ತೆ ದಾಟುವಾಗ ಸೈಕಲ್ಲಿನವನೊಬ್ಬ ಬೈದುಕೊಂಡು ಹೋದ. ಅವಳು ತಿರುಗಿಯೂ ನೋಡಲಿಲ್ಲ. ಸಿಟ್ಟು ಎಂಬುದು ಇಷ್ಟು ತಣ್ಣಗೆ, ಇಷ್ಟು ಸ್ಪಷ್ಟವಾಗಿ ಇರಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಗ್ರಾಂಟ್ ರೋಡ್ ಪ್ಲಾಟ್‌ಫಾರಮ್ಮಿನಲ್ಲಿ ಉಡುಪರು ಹಳೆಯ ಪೇಪರಿನಲ್ಲಿ ಸುತ್ತಿದ ಕಪ್ಪನ್ನು ಅವಳ ಕೈಗೆ ಕೊಟ್ಟರು. “ಇದನ್ನು ನೀನು ಹಿಡಿ, ಆ ಡಬ್ಬಿಯಲ್ಲಿ ರಶ್ಶು. ಇಳಿದು ನಲ್ಲಿಯ ಹತ್ತಿರ ನಿಲ್ಲು.” ಯಾವಾಗಲೂ ಹಾಗೇ, ಪಾರ್ಲೆಯಲ್ಲಿ ಇಳಿದು ಪಶ್ಚಿಮದ ಗೇಟಿನ ಪಕ್ಕದ ನೀರಿನ ನಲ್ಲಿಯ ಹತ್ತಿರ ಅವಳು ನಿಲ್ಲಬೇಕು, ಅವರು ಬಂದು ಮುಂದೆ ನಡೆಯಬೇಕು.

ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಜಾಗ ಸಿಕ್ಕಿತು. ಪಕ್ಕದಲ್ಲಿ ಮೀನಿನ ಖಾಲಿ ಬುಟ್ಟಿ ಇಟ್ಟುಕೊಂಡ ಒಬ್ಬ ಮುದುಕಿ ತೂಕಡಿಸುತ್ತಿದ್ದಳು. ಕಪ್ಪು ತೊಡೆಯ ಮೇಲೆ ಗಾಡಿಯ ಕುಲುಕಾಟಕ್ಕೆ ಸಣ್ಣಗೆ ಅಲುಗುತ್ತಿತ್ತು. ದಾದರ್, ಮಾಟುಂಗಾ, ಮಾಹಿಮಿನ ಖಾಡಿಯ ಉಪ್ಪುನೀರಿನ ನಾತ ಒಳಗೆ ನುಗ್ಗಿ ಹೋಯಿತು. ಈ ಡಬ್ಬಿಯಲ್ಲಿ ಉಡುಪರು ಇಲ್ಲ. ಇದು ಅವಳಿಗೆ ಎಷ್ಟೋ ಭಾನುವಾರಗಳಿಂದ ಗೊತ್ತಿದ್ದ ಸಂಗತಿ, ಇವತ್ತು ಮೊದಲ ಸಲ ಕಂಡಿತು. ಗ್ರಾಂಟ್ ರೋಡಿನಿಂದ ಪಾರ್ಲೆಯವರೆಗೆ ಅವಳು ಯಾರ ಎದುರೂ ಕೂತಿಲ್ಲ. ಎಲ್ಲಿ ಇಳಿಯಬೇಕು, ಯಾವ ಕಡೆಗೆ ಹೋಗಬೇಕು ಎಂದು ಹೆಸರಿಟ್ಟು ಕರೆಯುವವರಿಲ್ಲ. ಶಾಲೆಗೆ ಹೋದರೆ ಏನಾಗುತ್ತದೆ? ಮಾತು ಬಿಡುತ್ತಾರೆ. ಬಿಡಲಿ. ಊರಿಗೆ ಕಾಗದ ಬರೆಯುತ್ತಾರೆ, ಅತ್ತೆ ಬರುತ್ತಾರೆ, ಬಿಲ್ಡಿಂಗಿನಲ್ಲಿ ಮೋಹಿನಿಯಮ್ಮನಿಗೆ ತಿಂಗಳಿಗಾಗುವಷ್ಟು ಮಾತು ಸಿಗುತ್ತದೆ. ಸೋಲಬೇಕಾದದ್ದನ್ನೆಲ್ಲ ಒಂದೊಂದಾಗಿ ಎಣಿಸಿದಳು. ಒಂದೂ ಹೊಸದಲ್ಲ, ಹೇಗಿದ್ದರೂ ಸೋಲುತ್ತಲೇ ಇದ್ದಂಥವು. ಹಾಗಾದರೆ ಮೊದಲೇ ಸೋತುಬಿಡುವುದು. ಸಾಂತಾಕ್ರೂಜ್ ಬಂದಾಗ ಎದ್ದು ಬಾಗಿಲ ಹತ್ತಿರ ನಿಂತಳು.

ಪಾರ್ಲೆಯಲ್ಲಿ ಇಳಿದವಳು ನಲ್ಲಿಯ ಕಡೆಗೆ ತಿರುಗಲಿಲ್ಲ. ಜನರ ನಡುವೆ ಸೇತುವೆಯ ಮೆಟ್ಟಿಲು ಹತ್ತಿದಳು. ಮೇಲಿನಿಂದ ಒಮ್ಮೆ ನೋಡಿದಾಗ ಉಡುಪರು ನಲ್ಲಿಯ ಪಕ್ಕ ನಿಂತು, ಹೆಂಗಸರ ಡಬ್ಬಿ ನಿಂತಿದ್ದ ಜಾಗದತ್ತ ಕತ್ತು ಚಾಚಿ ನೋಡುತ್ತಿದ್ದರು. ಅವರ ನೆತ್ತಿ ಬೋಳಾಗುತ್ತಿರುವುದು ಇಲ್ಲಿಂದ ಕಾಣುತ್ತಿತ್ತು. ಅವಳು ಪೂರ್ವದ ಕಡೆಗೆ ಇಳಿದಳು.

ಗಂಗುಬಾಯಿ ತಮ್ಮ ಮನೆಯ ಹೊರಗಿನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದರು. ಕತ್ತಲಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಮೊರ ಬದಿಗಿಟ್ಟು, ಪೇಪರಿನ ಗಂಟನ್ನೂ ಅವಳ ಮುಖವನ್ನೂ ನೋಡಿದರು.

“ಬರ್ರಿ, ಬರ್ರಿ. ಕೈಯಾಗ ಏನದು?”

“ಆಟದಲ್ಲಿ ಬಂದದ್ದು” ಎಂದಳು ವಿನೋದಿನಿ. “ನಾಳೆ ಬೆಳಿಗ್ಗೆ ಎಷ್ಟು ಗಂಟೆಗೆ ಬರಬೇಕು?”

ಗಂಗುಬಾಯಿ ಧಾರವಾಡದಿಂದ ಒಬ್ಬಂಟಿಯಾಗಿ ಬಂದು ಈ ಶಾಲೆ ನಡೆಸುತ್ತಿರುವವರು, ಕೇಳಬೇಕಾದ್ದನ್ನು ಕೇಳದೆ ಬಿಡುವವರಲ್ಲ. “ಯಜಮಾನ್ರು ಏನಂದ್ರು?”

ವಿನೋದಿನಿ ಕಟ್ಟೆಯ ಮೇಲೆ ಕೂತು, ಕಪ್ಪನ್ನು ಪಕ್ಕದಲ್ಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು.

“ಈ ಆಟದಲ್ಲಿ ಅವರು ಮಾತಾಡ್ಲಿಕ್ಕಿಲ್ಲ” ಎಂದಳು. ಆಮೇಲೆ ಮೊರವನ್ನು ತನ್ನ ಕಡೆಗೆ ಎಳೆದುಕೊಂಡು ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು.